ಯಹೂದಿಗಳು ಉಳಿದು ಬಂದದ್ದು ಪವಾಡವೇ?

ವೀಣಾ, ಪುಣೆ ಕ್ಯಾಂಪ್:
ನಮ್ಮ ಮನೆ ಲಾಲ್ ದೇವಳದ ಹತ್ತಿರ. 1867ರ ಕೆಂಪು ಇಟ್ಟಿಗೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಚರ್ಚಿನ ಹಾಗೆ ಗೋಪುರ, ಅದರಲ್ಲೊಂದು ಗಡಿಯಾರ. ಅದನ್ನು ಕಟ್ಟಿಸಿದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಸಮಾಧಿ ಅದೇ ಆವರಣದಲ್ಲಿದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಮಂದಿರ ಕೆಡವಿದರು, 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಗಟ್ಟಿತು, ಹಿಟ್ಲರ್ ಸುಮಾರು 60 ಲಕ್ಷ ಜನರನ್ನು ಕೊಲ್ಲಿಸಿದ. ಆದರೂ ಉಳಿದರಲ್ಲ! ನಾನು ರಾಯರ ಭಕ್ತೆ, ಪವಾಡ ನಂಬುವವಳು. ನಿಮಗೇನನ್ನಿಸುತ್ತದೆ?

ಶ್ರೀಪಾದ, ಮಾಟುಂಗಾ:
ಆ 60 ಲಕ್ಷ ಜನರಿಗೆ ಪವಾಡ ಯಾಕೆ ಒದಗಲಿಲ್ಲ ಅಂದರೆ ಏನು ಹೇಳೋಣ ಅಕ್ಕ? ಮಂದಿರ ಹೋದ ಮೇಲೆ ಗ್ರಂಥ, ಶನಿವಾರದ ಬಿಡುವು, ಮನೆಯ ದೀಪ ಇವನ್ನೇ ಗಟ್ಟಿಯಾಗಿ ಹಿಡಿದರು. ಉಳಿಸಿದ್ದು ಅದು.

ಸುಮಂಗಲಾ, ಠಾಣೆ:
ಶ್ರೀಪಾದ ಅವರೇ, ಎರಡೂ ಒಟ್ಟಿಗೇ ಇರಬಹುದು. ನಮ್ಮ ಪಕ್ಕದ ಮನೆಯ ಅಜ್ಜಿ ಬೆನೆ ಇಸ್ರೇಲಿ, ಅಂದರೆ ಕೊಂಕಣದಲ್ಲಿ ನೆಲೆಸಿದ ಯಹೂದಿ ಪಂಗಡದವರು, ಮಾತೆಲ್ಲ ಮರಾಠಿ. ಅಲಿಬಾಗ್ ಬಳಿಯ ನವಗಾವ್‌ನಲ್ಲಿ ಹಡಗು ಒಡೆದು ಏಳು ಜೋಡಿ ಮಾತ್ರ ಬದುಕಿದರೆಂದು ಅವರ ಹಿರಿಯರ ಕಥೆ. ಗ್ರಂಥಗಳೂ ಸಮುದ್ರದ ಪಾಲಾದವಂತೆ. ಬಾಯಲ್ಲಿ ಉಳಿದದ್ದು ‘ಶೆಮಾ’ ಪ್ರಾರ್ಥನೆ. ಗಾಣದ ಎಣ್ಣೆ ತೆಗೆದು ಬದುಕಿದರು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಹರಕೆ ಫಲಿಸಿದರೆ ಪ್ರವಾದಿ ಎಲಿಯಾಹುವಿಗೆ ಮಲಿದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು. ಮೊಮ್ಮಗಳ ಹೆರಿಗೆ ಸುಸೂತ್ರವಾದಾಗ ಅಜ್ಜಿ ನಮ್ಮನ್ನೂ ಕರೆದಿದ್ದರು. ಹಾಡುವಾಗ ಅವರ ದನಿ ನಡುಗುತ್ತಿತ್ತು. ಅದು ಪವಾಡವಲ್ಲ ಅನ್ನಲು ನನ್ನಿಂದಾಗದು.

ವೀಣಾ:
ಸುಮಂಗಲಕ್ಕ, ಮಲಿದಾ ಅಂದರೆ ನಮ್ಮ ಸಿಹಿ ಅವಲಕ್ಕಿಯೇ ಆಯ್ತಲ್ಲ! ಶ್ರೀಪಾದ ಅವರ ಪ್ರಶ್ನೆ ಮಾತ್ರ ಎದೆಯಲ್ಲೇ ಕೂತಿದೆ. ಆದರೂ ನನ್ನ ನಂಬಿಕೆ ಬಿಡಲಾರೆ.