ರಾತ್ರಿಯಿಡೀ ಗೂಡಿನ ಕಂಬಿ ಕಡಿಯುವ ಹ್ಯಾಮ್‌ಸ್ಟರ್, ಏನು ಮಾಡಲಿ?

ಮುಳ್ಳೇರಿಯದ ಅಮ್ಮ:

ಎಲ್ಲರಿಗೂ ನಮಸ್ಕಾರ. ಈ ಸಲದ ವಿಷುವಿಗೆ ನನ್ನ ತಮ್ಮ ಮಂಗಳೂರಿನಿಂದ ಬರುವಾಗ ಮಗಳಿಗೆಂದು ಒಂದು ಹ್ಯಾಮ್‌ಸ್ಟರ್, ಇಲಿಯಂಥ ಸಾಕುಪ್ರಾಣಿ, ತಂದುಕೊಟ್ಟ. ಸಿರಿಯನ್ ಜಾತಿಯದ್ದಂತೆ, ಗಂಡು. ಮೈಬಣ್ಣ ಥೇಟ್ ಕೆಂದಾಳಿ ಬೊಂಡದ್ದು. ಹಾಗಾಗಿ ಮಗಳು ಬೊಂಡ ಅಂತಲೇ ಹೆಸರಿಟ್ಟಳು.

ಹಗಲು ಅದರಿಂದ ಏನೂ ತೊಂದರೆ ಇಲ್ಲ, ಮಲಗಿರುತ್ತದೆ. ರಾತ್ರಿ ಹನ್ನೊಂದಕ್ಕೆ ನಾವು ದೀಪ ಆರಿಸಿದ ಮೇಲೆ ಶುರು. ಬಾಗಿಲಿನ ಎಡಗಡೆಯ ಮೂರನೇ ಕಂಬಿ, ಯಾವಾಗಲೂ ಅದೇ. ಎರಡು ಕೈಯಲ್ಲಿ ಕಂಬಿ ಹಿಡಿದು, ತಲೆ ಓರೆ ಮಾಡಿ, ಹಲ್ಲಿನಿಂದ ಎಳೆಯುತ್ತದೆ. ಕರ್ರ್, ಕರ್ರ್. ಸ್ವಲ್ಪ ನಿಲ್ಲಿಸಿ ಮತ್ತೆ. ಬೆಳಗಿನ ಜಾವ ನಾಲ್ಕರವರೆಗೂ ಇದೇ. ಆ ಕಂಬಿಯ ಬಣ್ಣ ಪೂರ್ತಿ ಎದ್ದುಹೋಗಿದೆ. ಮೂಗಿನ ಮೇಲೆ ಎಳ್ಳಿನಷ್ಟು ಜಾಗದಲ್ಲಿ ಕೂದಲು ಉದುರಿ ಗುಲಾಬಿ ಚರ್ಮ ಕಾಣುತ್ತಿದೆ.

ಗೂಡು ಅಂಗಡಿಯವರು ಕೊಟ್ಟದ್ದೇ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ. ಒಳಗೆ ಒಂದು ಸಣ್ಣ ಚಕ್ರ ಇದೆ. ಬಡಗಿಯ ಹತ್ತಿರದಿಂದ ತಂದ ಮರದ ಹುಡಿಯನ್ನು ಎರಡು ಬೆರಳು ದಪ್ಪಕ್ಕೆ ಹಾಸಿದ್ದೇವೆ. ಚಾವಡಿಯಲ್ಲಿ ಟಿ.ವಿ. ಪಕ್ಕ ಇಟ್ಟಿದ್ದೇವೆ. ವಾಸನೆ ಬರಬಾರದು ಅಂತ ಅತ್ತೆ ದಿನಾ ಬೆಳಿಗ್ಗೆ ಎಲ್ಲ ಹುಡಿ ಚೆಲ್ಲಿ, ಫಿನಾಯಿಲ್ ಹಾಕಿ ತೊಳೆದು ಕೊಡುತ್ತಾರೆ. ಅವರು ಪ್ರೀತಿಯಿಂದಲೇ ಮಾಡುವುದು. ರಾತ್ರಿ ಶಬ್ದ ತಡೆಯಲಾಗದೆ ನಾನು ಎದ್ದು ಒಂದು ಚೂರು ಗೇರುಬೀಜ ಕೊಟ್ಟರೆ ಐದು ನಿಮಿಷ ಸುಮ್ಮನಿರುತ್ತದೆ.

ಹಲ್ಲು ತುರಿಸಿ ಹೀಗೆ ಮಾಡುವುದಾ? ಜೊತೆಗೆ ಇನ್ನೊಂದು ತಂದರೆ ಸರಿಯಾಗುತ್ತದಾ? ಹಲ್ಲು ಅರಸಿನ ಬಣ್ಣಕ್ಕೆ ತಿರುಗಿದೆ, ಅದು ಕಾಯಿಲೆಯಾ? ಅತ್ತೆಗೆ ಇಲಿಜ್ವರದ ಹೆದರಿಕೆ ಬೇರೆ. ವಾಪಸ್ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ಮಗಳು ಏನೂ ಮಾತಾಡುವುದಿಲ್ಲ. ಆದರೆ ಮೊನ್ನೆ ರಾತ್ರಿ ಎದ್ದು ನೋಡಿದರೆ ಚಾವಡಿಯ ಬರೀ ನೆಲದಲ್ಲಿ, ಗೂಡಿನ ಪಕ್ಕ, ಕಂಬಿಯೊಳಗೆ ಒಂದು ಬೆರಳು ತೂರಿಸಿ ಮಲಗಿದ್ದಳು. ದಯವಿಟ್ಟು ತಿಳಿದವರು ಹೇಳಿ.

ಬೇವಿನ ಕಡ್ಡಿ:

ಅಕ್ಕಾ, ಕಂಬಿಗೆ ಬೇವಿನೆಣ್ಣೆ ಹಚ್ಚಿ ನೋಡಿ. ಇಲ್ಲವೇ ಹಾಗಲಕಾಯಿ ರಸ. ನಮ್ಮ ನಾಯಿಮರಿ ಮೇಜಿನ ಕಾಲು ಕಡಿಯುವಾಗ ಹಾಗೇ ಮಾಡಿದ್ದು, ಎರಡು ದಿನದಲ್ಲಿ ಬಿಟ್ಟಿತು.

ಕುಂಬಳೆ ಪ್ರೆಸ್:

ಅಕ್ಕಾ, ದಯವಿಟ್ಟು ಬೇವಿನೆಣ್ಣೆ ಹಚ್ಚಬೇಡಿ. ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ನಾಯಿಮರಿಗೆ ಅದು ಸರಿ. ಆದರೆ ಈ ಪ್ರಾಣಿ ಕಂಬಿಯ ರುಚಿಗಾಗಿ ಕಡಿಯುವುದಲ್ಲ, ಹೊರಗೆ ಹೋಗಲು ಕಡಿಯುವುದು. ಕಂಬಿ ಕಹಿಯಾದರೆ ಬಾಯಿ ನಿಲ್ಲಬಹುದು, ಹೊರಗೆ ಹೋಗಬೇಕೆಂಬ ಚಡಪಡಿಕೆ ಎಲ್ಲಿಗೆ ಹೋಗುತ್ತದೆ? ಮೂಲೆಯಿಂದ ಮೂಲೆಗೆ ಓಡುವುದು, ಮೇಲಿನ ಕಂಬಿಗೆ ನೇತುಬೀಳುವುದು ಶುರುವಾಗುತ್ತದೆ. ಎಣ್ಣೆ ಹೊಟ್ಟೆಗೂ ಹೋಗುತ್ತದೆ.

ನನ್ನದು ಕುಂಬಳೆಯಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಆರು ವರ್ಷದಲ್ಲಿ ಮೂರು ಹ್ಯಾಮ್‌ಸ್ಟರ್ ಸಾಕಿದ್ದೇನೆ. ಮೊದಲನೆಯದು ಜೀರಿಗೆ, ಅದೂ ಹೀಗೇ ಕಡಿಯುತ್ತಿತ್ತು.

ಈ ಪ್ರಾಣಿ ಬಂದದ್ದು ಎಲ್ಲಿಂದ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಹೊಲ ಅಗೆಸಿ, ಒಂದು ತಾಯಿ ಮತ್ತು ಹನ್ನೊಂದು ಮರಿಗಳನ್ನು ಮಣ್ಣಿನಡಿಯ ಬಿಲದಿಂದ ಹೊರತೆಗೆದರು. ಇವತ್ತು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆ ಸಂಸಾರದವೇ. ನಿಮ್ಮ ಬೊಂಡನೂ ಇರಬೇಕು. ಮಣ್ಣು ಕೊರೆದು ಕೆಳಗಿಳಿದು ಬದುಕುವ ಜೀವಕ್ಕೆ ಎರಡು ಬೆರಳು ಹುಡಿ ಕೊಟ್ಟರೆ ಅದು ಏನು ಕೊರೆಯಬೇಕು ಹೇಳಿ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಕೆಲವಕ್ಕೆ 10 ಸೆಂಟಿಮೀಟರ್ ಹಾಸು, ಕೆಲವಕ್ಕೆ 40, ಕೆಲವಕ್ಕೆ 80. ಹತ್ತರಲ್ಲಿದ್ದವು ಜಾಸ್ತಿ ಕಂಬಿ ಕಡಿದವು. ಎಂಬತ್ತರಲ್ಲಿದ್ದವು ಕಡಿಯಲೇ ಇಲ್ಲ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಜೀರಿಗೆಗೆ ನಾನು ಕೊಟ್ಟದ್ದೂ ಎರಡೇ ಬೆರಳು.

ಈಗ ನೀವು ಮಾಡಬಹುದಾದ್ದು. ಆ ಗೂಡು ಬಿಟ್ಟುಬಿಡಿ, ಅದನ್ನು ಸರಿ ಮಾಡಲು ಆಗುವುದಿಲ್ಲ. ಹಳೆಯ ಮೀನಿನ ತೊಟ್ಟಿ ಹುಡುಕಿ, ನಾಲ್ಕು ಅಡಿ ಉದ್ದದ್ದು. ಮೀನು ಸಾಕಿ ಬಿಟ್ಟವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ 1,200 ರೂಪಾಯಿಗೆ ಸಿಕ್ಕಿತ್ತು, ಒಂದು ಮೂಲೆಯಲ್ಲಿ ನೀರು ಸೋರುತ್ತಿದ್ದ ಕಾರಣ. ನಮಗೆ ನೀರು ನಿಲ್ಲಬೇಕಾಗಿಲ್ಲವಲ್ಲ. ಮೇಲೆ ಮರದ ಚೌಕಟ್ಟಿಗೆ ಕಬ್ಬಿಣದ ಬಲೆ ಹೊಡೆಸಿ ಮುಚ್ಚಳ ಮಾಡಿಸಿ, ಕೊಂಡಿ ಭದ್ರ ಇರಲಿ. ಕೇರೆ ಹಾವು ಅಟ್ಟಕ್ಕೆ ಬರುವ ಊರು ನಮ್ಮದು.

ಒಂದು ಬದಿಗೆ ಒಂದಡಿ ಎತ್ತರಕ್ಕೆ ಹಾಸು ತುಂಬಿ, ಇನ್ನೊಂದು ಬದಿಗೆ ಅರ್ಧ ಅಡಿ ಸಾಕು. ಬಡಗಿಯ ಹುಡಿ ಬೇಡ. ಪ್ಲೈವುಡ್ಡಿನ ಅಂಟು ಅದರಲ್ಲಿ ಸೇರಿರುತ್ತದೆ, ಧೂಳು ಮೂಗಿಗೆ ಹೋಗುತ್ತದೆ. ಕಾಗದ ಒಳ್ಳೆಯದು. ನಮ್ಮಲ್ಲಿ ಮದುವೆ ಕಾಗದ, ಬಿಲ್ ಪುಸ್ತಕ ಕತ್ತರಿಸಿ ಉಳಿದ ಅಂಚು ದಿನಾ ಚೀಲಗಟ್ಟಲೆ ಬೀಳುತ್ತದೆ. ಅದರಲ್ಲಿ ಅಚ್ಚಾಗದ ಬಿಳಿ ಮ್ಯಾಪ್‌ಲಿತೋ, ಅಂದರೆ ಹೊಳಪಿಲ್ಲದ ಸಾದಾ ಕಾಗದ, ಮಾತ್ರ ಆರಿಸಬೇಕು. ಹೊಳಪಿನ ಆರ್ಟ್ ಪೇಪರ್ ನೀರು ಹೀರುವುದಿಲ್ಲ, ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಪಟ್ಟಿಗಳನ್ನು ಬೆರಳುದ್ದಕ್ಕೆ ತುಂಡು ಮಾಡಿ, ಉದ್ದ ಇದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬರೀ ಕಾಗದದಲ್ಲಿ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ. ಮೆತ್ತನೆಯ ಒಣಹುಲ್ಲು ಬೆರೆಸಿ ಪದರ ಪದರವಾಗಿ ಅಂಗೈಯಿಂದ ಒತ್ತಿ. ಬೈಹುಲ್ಲು ಬೇಡ, ಅದರ ತುದಿ ಕೆನ್ನೆಚೀಲಕ್ಕೆ ಚುಚ್ಚುತ್ತದೆ. ಹತ್ತಿಯೂ ಬೇಡ.

ಚಕ್ರ ದೊಡ್ಡದು ಬೇಕು, ಸುಮಾರು 28 ಸೆಂಟಿಮೀಟರ್. ಓಡುವಾಗ ಬೆನ್ನು ಬಿಲ್ಲಿನ ಹಾಗೆ ಬಾಗಬಾರದು. ಕಂಬಿ ಕಂಬಿಯ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ.

ಅತ್ತೆಯವರಿಗೆ ಸಮಾಧಾನವಾಗಿ ಹೇಳಿ: ಅದರ ವಾಸನೆಯೇ ಅದಕ್ಕೆ ಮನೆ. ದಿನಾ ತೊಳೆದರೆ ಅದಕ್ಕೆ ದಿನಾ ಹೊಸ ಮನೆ. ಮೂತ್ರ ಮಾಡುವ ಮೂಲೆ ಒಂದನ್ನೇ ತೆಗೆದು ಶುಚಿ ಮಾಡಿದರೆ ಸಾಕು. ಹಾಸು ಬದಲಿಸುವಾಗಲೂ ಹಳೆಯದು ಅರ್ಧಕ್ಕಿಂತ ಜಾಸ್ತಿ ಉಳಿಸಿ. ಫಿನಾಯಿಲ್ ಪೂರ್ತಿ ನಿಲ್ಲಿಸಿ. ಟಿ.ವಿ. ಪಕ್ಕದಿಂದಲೂ ತೆಗೆಯಿರಿ. ನಮಗೆ ಕೇಳದಷ್ಟು ಕೀಚಲು ಶಬ್ದವೂ ಅದಕ್ಕೆ ಕೇಳುತ್ತದೆ.

ಇನ್ನು ಆ ಗೇರುಬೀಜ. ಕಂಬಿ ಕಡಿದರೆ ಅಮ್ಮ ಬರುತ್ತಾರೆ, ತಿಂಡಿ ಸಿಗುತ್ತದೆ ಅಂತ ಬೊಂಡ ಕಲಿತಿದ್ದಾನೆ. ಕಡಿಯುವಾಗ ಏನೂ ಕೊಡಬೇಡಿ. ಅದು ಎದ್ದು ಕಡಿಯಲು ಶುರು ಮಾಡುವ ಮೊದಲೇ, ಎಂಟೂವರೆ ಒಂಬತ್ತಕ್ಕೆ, ಕಾಳನ್ನು ಹಾಸಿನ ಮೇಲೆಲ್ಲ ಚೆಲ್ಲಿ. ಹುಡುಕಿ ತಿನ್ನಲಿ.

ಇನ್ನೊಂದು ತರುವುದು ಖಂಡಿತ ಬೇಡ. ಸಿರಿಯನ್ ಒಂಟಿಯಾಗಿ ಬದುಕುವ ಜಾತಿ. ದೊಡ್ಡವಾದ ಮೇಲೆ ಎರಡನ್ನು ಒಟ್ಟಿಗೆ ಬಿಟ್ಟರೆ ಕಚ್ಚಿ ಸಾಯಿಸುವವರೆಗೂ ಹೋಗುತ್ತವೆ.

ಕೊನೆಗೆ ಸೆಕೆ. ಜೀರಿಗೆಯ ಗೂಡನ್ನು ನಾನು ಮಹಡಿಯಲ್ಲಿ, ಶೀಟಿನ ಮಾಡಿನ ಕೆಳಗೆ ಇಟ್ಟಿದ್ದೆ. ಏಪ್ರಿಲ್ ತಿಂಗಳು. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಬಂದಾಗ ಅದು ಚಪ್ಪಟೆಯಾಗಿ ಬಿದ್ದಿತ್ತು, ಗಲ್ಲ ಒದ್ದೆ, ಎತ್ತಿದರೆ ತಲೆ ನಿಲ್ಲುತ್ತಿರಲಿಲ್ಲ. ಸಂಜೆಯವರೆಗೂ ಉಳಿಯಲಿಲ್ಲ. ತಪ್ಪು ನನ್ನದೇ. ನಿಮ್ಮ ಮನೆಯಲ್ಲಿ ಹಳೆಯ ರೆಡ್ ಆಕ್ಸೈಡ್ ನೆಲದ ಕೋಣೆ ಇದ್ದರೆ ಅಲ್ಲಿಡಿ, ಬಿಸಿಲು ಬೀಳದ ಬದಿಗೆ. ಒಂದು ಮಣ್ಣಿನ ಅಳಗೆಯನ್ನು ಅಡ್ಡ ಮಲಗಿಸಿ ಒಳಗಿಡಿ. ನನ್ನ ಈಗಿನ ಹ್ಯಾಮ್‌ಸ್ಟರ್ ಕಡಲೆ ಮೇ ತಿಂಗಳಿಡೀ ಮಲಗುವುದು ಅದರೊಳಗೇ.

ಕಾಗದ ಬೇಕಾದರೆ ಹೇಳಿ, ಆರಿಸಿ ಇಡುತ್ತೇನೆ. ದುಡ್ಡು ಬೇಡ.

ಮಂಜೇಶ್ವರದ ಹುಡುಗಿ:

ನಾನು ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದೇನೆ, ನಾಲ್ಕನೇ ವರ್ಷ. ಪ್ರೆಸ್‌ನ ಅಣ್ಣ ಹೇಳಿದ್ದು ಸರಿ ಇದೆ. ಉಳಿದ ಪ್ರಶ್ನೆಗಳಿಗೆ ನಾನು ಹೇಳುತ್ತೇನೆ.

ಹಲ್ಲಿನ ಅರಸಿನ ಬಣ್ಣ ಕಾಯಿಲೆ ಅಲ್ಲ, ಅದೇ ಆರೋಗ್ಯದ ಬಣ್ಣ. ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ನಿಜ. ಆದರೆ ಅದು ಸವೆಯಬೇಕಾದ್ದು ಗಟ್ಟಿ ಕಾಳಿನಲ್ಲಿ, ಮರದ ತುಂಡಿನಲ್ಲಿ, ಮೇಲಿನ ಹಲ್ಲಿಗೆ ಕೆಳಗಿನದು ಉಜ್ಜಿ. ಕಬ್ಬಿಣ ಕಡಿದರೆ ಮುರಿಯಬಹುದು, ಸೊಟ್ಟ ಬೆಳೆಯಬಹುದು. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ತೂಕ ಇಳಿಯುತ್ತಾ ಹೋದರೆ, ಗಲ್ಲ ಒದ್ದೆಯಾದರೆ, ಕಾಳು ಬಾಯಿಂದ ಬೀಳುತ್ತಿದ್ದರೆ ಹಲ್ಲು ತೋರಿಸಬೇಕು. ಬಾಲದ ಬುಡ ಒದ್ದೆಯಾಗಿ ಭೇದಿ ಕಂಡರೆ ಮರುದಿನಕ್ಕೆ ಕಾಯಬೇಡಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಸಣ್ಣ ಪ್ರಾಣಿ ನೋಡುವವರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಅತ್ತೆಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಇಲಿಜ್ವರ ನಮ್ಮ ಕಡೆ ಮಳೆಗಾಲದಲ್ಲಿ ಇರುವಂಥದ್ದೇ. ಅದು ಹರಡುವುದು ಸೋಂಕು ತಗಲಿದ ಪ್ರಾಣಿಯ ಮೂತ್ರದಿಂದ, ಹೆಚ್ಚಾಗಿ ಹೊರಗಿನ ಇಲಿ ಹೆಗ್ಗಣಗಳದ್ದು. ಹೊರಗಿನ ಇಲಿ ಬೊಂಡನ ಕಾಳಿಗೆ, ಹಾಸುವ ಕಾಗದಕ್ಕೆ ಬಾಯಿ ಹಾಕದ ಹಾಗೆ ಡಬ್ಬದಲ್ಲಿ ಮುಚ್ಚಿಡಿ. ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲಿ. ಕೈಯಲ್ಲಿ ಗಾಯ ಇದ್ದ ದಿನ ಗೂಡು ಶುಚಿ ಮಾಡುವುದು ಬೇರೆಯವರು.

ಮುಳ್ಳೇರಿಯದ ಅಮ್ಮ:

ಇಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಅತ್ತೆಗೆ ಪೂರ್ತಿ ಓದಿ ಹೇಳಿದೆ. "ನಾನು ತೊಳೆದದ್ದೇ ಅದಕ್ಕೆ ಉಪದ್ರ ಆಯಿತಾ" ಅಂತ ಸುಮಾರು ಹೊತ್ತು ಸುಮ್ನೆ ಕೂತರು. ಆಮೇಲೆ ಅವರೇ ಅಟ್ಟದಿಂದ ಅಳಗೆ ಇಳಿಸಿ ಕೊಟ್ಟರು. ತೊಟ್ಟಿ ಬದಿಯಡ್ಕದಲ್ಲಿ ಸಿಕ್ಕಿತು. ಕಡಿಯಲು ಯಾವ ಮರದ ಗೆಲ್ಲು ಕೊಡಬಹುದು?

ಕುಂಬಳೆ ಪ್ರೆಸ್:

ಪೇರಳೆ ಗೆಲ್ಲು ಕೊಡಿ, ಹೆಬ್ಬೆರಳು ದಪ್ಪದ್ದು. ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಆದರೆ ಅಡಿಕೆ ತೋಟದೊಳಗಿನ ಪೇರಳೆಯಿಂದ ಮುರಿಯಬೇಡಿ. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಸುಣ್ಣದ ನೀರು ಕೆಳಗಿನ ಗಿಡಕ್ಕೆಲ್ಲ ಬೀಳುತ್ತದೆ, ತೊಗಟೆಯಲ್ಲಿ ನಿಲ್ಲುತ್ತದೆ. ಮನೆಯ ಹಿಂದಿನದು ಇದ್ದರೆ ಒಳ್ಳೆಯದು. ಗೇರುಮರದ್ದು, ಮಾವಿನದ್ದು ಬೇಡ, ಸೊನೆ ಸುಡುತ್ತದೆ. ಗೆರಟೆಗೆ ಬಾಗಿಲಿನ ಹಾಗೆ ಒಂದು ತೂತು ಮಾಡಿ ಕವುಚಿ ಹಾಕಿ, ಅಂಚು ಉಜ್ಜಿ ನಯ ಮಾಡಿ. ಒಳಗೂ ಕೂರುತ್ತದೆ, ಕಡಿಯುತ್ತದೆ ಕೂಡ.

ಮುಳ್ಳೇರಿಯದ ಅಮ್ಮ:

ಮೂರು ವಾರ ಆಯಿತು, ಮಳೆ ಹಿಡಿದಿದೆ. ಏನಾಯಿತು ಅಂತ ಹೇಳುತ್ತೇನೆ.

ಮೊದಲ ರಾತ್ರಿ ಹೊಸ ತೊಟ್ಟಿಯಲ್ಲಿ ಬಿಟ್ಟಾಗ ಬೊಂಡ ಗಾಜಿಗೆ ಮೂಗು ಒತ್ತಿ ಸುತ್ತು ಹಾಕಿದ. ಎರಡನೇ ರಾತ್ರಿ ಕಾಗದದ ಅಡಿಗೆ ಹೋದವನು ಬೆಳಗಿನವರೆಗೂ ಕಾಣಲಿಲ್ಲ. ಮಗಳು ಹೆದರಿ ಅತ್ತಳು. ನೋಡಿದರೆ ಗಾಜಿನ ಬದಿಯಲ್ಲೇ ಒಂದು ಸುರಂಗ, ಅದರ ಕೊನೆಯಲ್ಲಿ ಅಂಗೈಯಷ್ಟು ಕೋಣೆ. ಒಂದು ಬದಿಯಲ್ಲಿ ಕುಂಬಳಬೀಜ ರಾಶಿ ಹಾಕಿದ್ದಾನೆ, ಇನ್ನೊಂದು ಬದಿಯಲ್ಲಿ ಮುದುಡಿ ಮಲಗಿದ್ದಾನೆ. ಅತ್ತೆ ಕನ್ನಡಕ ತಂದು ಅರ್ಧ ಗಂಟೆ ನೋಡಿದರು.

ಮೂಗಿನ ಮೇಲೆ ಕೂದಲು ಬರುತ್ತಿದೆ. ಒಂಬತ್ತಕ್ಕೆ ಕಾಳು ತಡವಾದರೆ ಮುಚ್ಚಳದ ಬಲೆಗೆ ಹಾರಿ ಸ್ವಲ್ಪ ಕಡಿಯುತ್ತಾನೆ. ರಾತ್ರಿಯಿಡೀ ಕಡಿಯುವುದು ನಿಂತಿದೆ. ಈಗ ಹೊಸ ತೊಂದರೆ ಎರಡು. ಮಳೆಗೆ ಅಡಿಯ ಕಾಗದ ತಂಡಿ ಹಿಡಿಯುತ್ತಿದೆ. ಬೀಜದ ರಾಶಿಗೆ ಕೆಂಪಿರುವೆ ಬರುತ್ತಿದೆ. ಇರುವೆಗೆ ಚಾಕ್ ಎಳೆಯಬಹುದಾ?

ಕುಂಬಳೆ ಪ್ರೆಸ್:

ಓದಿ ತುಂಬ ಖುಷಿಯಾಯಿತು ಅಕ್ಕಾ. ಚಾಕ್ ಬೇಡ, ಅದು ವಿಷ. ತೊಟ್ಟಿಯನ್ನು ಗಟ್ಟಿ ಬೆಂಚಿನ ಮೇಲಿಟ್ಟು, ನಾಲ್ಕು ಕಾಲಿಗೂ ನೀರು ಹಾಕಿದ ಗೆರಟೆ ಇಡಿ. ಬೆಂಚು ಗೋಡೆಗೆ ತಾಗದಿರಲಿ. ಸೊಳ್ಳೆ ಮರಿಯಾಗದ ಹಾಗೆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ. ತಂಡಿಗೆ, ವಾರಕ್ಕೊಮ್ಮೆ ಕೈ ಹಾಕಿ ಅಡಿ ಮುಟ್ಟಿ ನೋಡಿ. ಬೂಸ್ಟು ವಾಸನೆ ಬಂದ ಜಾಗದ್ದು ಮಾತ್ರ ತೆಗೆದು ಒಣ ಕಾಗದ ತುಂಬಿ. ಅವನ ಕೋಣೆ ಒಣಗಿದ್ದರೆ ಅದನ್ನು ಮುಟ್ಟಬೇಡಿ.

ಮುಳ್ಳೇರಿಯದ ಅಮ್ಮ:

ಹಾಗೇ ಮಾಡುತ್ತೇವೆ. ಶನಿವಾರ ನಮ್ಮವರು ಕುಂಬಳೆಗೆ ಬರುತ್ತಾರೆ. ಇನ್ನೊಂದು ಚೀಲ ಕಾಗದ ಸಿಗಬಹುದಾ?

ಕುಂಬಳೆ ಪ್ರೆಸ್:

ಎರಡು ಕಟ್ಟಿ ಇಟ್ಟಿದ್ದೇನೆ. ಮಳೆಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಸುತ್ತಿದ್ದೇನೆ.