ಎಲ್‌ವಿಎನ್ ಸಂಬಳ: ಗಂಟೆಗೆ 31 ಡಾಲರ್ ಅಂದರೆ ಕೈಗೆ ಎಷ್ಟು?

ಪ್ರಶ್ನೆ: ನಮಸ್ಕಾರ ಮೇಡಂ. ಟೆಕ್ಸಸ್‌ನಲ್ಲಿದ್ದೀನಿ, ವರ್ಕ್ ಪರ್ಮಿಟ್ ಇದೆ, ಎಲ್‌ವಿಎನ್ (ಸುಮಾರು ಒಂದು ವರ್ಷದ ಕೋರ್ಸ್‌ನ ನರ್ಸ್) ಲೈಸೆನ್ಸ್ ಈಗಷ್ಟೇ ಬಂತು. ಡಾಕ್ಟರ್ ಕ್ಲಿನಿಕ್‌ನವರು ಗಂಟೆಗೆ 26 ಡಾಲರ್ ಅಂತಾರೆ. ನರ್ಸಿಂಗ್ ಹೋಮ್‌ನವರು 31, ರಾತ್ರಿ ಪಾಳಿಗೆ ಮೇಲೆ 3. ಯಾವುದು ವಾಸಿ?

ಉತ್ತರ: ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್ ಅನ್ನೋದನ್ನೇ ಉಳಿದ ಕಡೆ ಎಲ್‌ಪಿಎನ್ ಅಂತಾರೆ. ಅಮೆರಿಕ ಸರ್ಕಾರದ 2024ರ ಮೇ ಲೆಕ್ಕದಂತೆ ಇವರಲ್ಲಿ ಅರ್ಧ ಜನಕ್ಕೆ ವರ್ಷಕ್ಕೆ 62,340 ಡಾಲರ್‌ಗಿಂತ ಹೆಚ್ಚು, ಇನ್ನರ್ಧಕ್ಕೆ ಕಡಿಮೆ. ಗಂಟೆಗೆ ಸುಮಾರು 30 ಆಯಿತು. ಹೊಸಬರಿಗೆ 31 ಒಳ್ಳೆಯ ಮೊತ್ತವೇ.

ಆದರೆ ಅಲ್ಲಿಯ ನರ್ಸಿಂಗ್ ಹೋಮ್ ನಮ್ಮೂರಿನ ನರ್ಸಿಂಗ್ ಹೋಮ್ ಅಲ್ಲ, ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ. ಇಡೀ ಕಾರಿಡಾರ್‌ನ ಔಷಧಿ ಗಾಡಿ, ಇನ್ಸುಲಿನ್, ಗಾಯದ ಡ್ರೆಸ್ಸಿಂಗ್ ನಿಮ್ಮ ತಲೆ ಮೇಲೆ. ಹೆಚ್ಚು ದುಡ್ಡು ಅದಕ್ಕೇ. ಕ್ಲಿನಿಕ್‌ನಲ್ಲಿ ಭಾನುವಾರ ರಜ, ಸಂಜೆ ಮನೆ. ಸಂಬಳವೂ ಸಾಮಾನ್ಯವಾಗಿ ಕಡಿಮೆ. ಒಬ್ಬೊಬ್ಬ ನರ್ಸ್‌ಗೆ ಎಷ್ಟು ಜನ ರೋಗಿಗಳು ಅಂತ ಕೇಳದೆ ಸಹಿ ಹಾಕಬೇಡಿ. ಪಿಆರ್‌ಎನ್, ಅಂದರೆ ಕರೆದಾಗ ಮಾತ್ರ ಹೋಗುವ ಕೆಲಸಕ್ಕೆ ಗಂಟೆಗೆ ಇನ್ನಷ್ಟು ಕೊಡ್ತಾರೆ, ಆದರೆ ಇನ್ಶೂರೆನ್ಸ್, ಸಂಬಳದ ರಜೆ ಸಾಮಾನ್ಯವಾಗಿ ಇರಲ್ಲ.

ಮರುಪ್ರಶ್ನೆ: ವಾರಕ್ಕೆ ನಾಲ್ಕು ರಾತ್ರಿ, 12 ಗಂಟೆ ಪಾಳಿ ಮಾಡಿದರೆ ಎಷ್ಟು ಬರಬೇಕು?

ಉತ್ತರ: ಊಟದ ಅರ್ಧ ಗಂಟೆ ಕಳೆದು ಪಾಳಿಗೆ ಹನ್ನೊಂದೂವರೆಯಂತೆ 46 ಗಂಟೆ. ಮೊದಲ 40ಕ್ಕೆ 34ರಂತೆ 1,360. ಮಿಕ್ಕ 6 ಗಂಟೆ ಓಟಿ (ಓವರ್‌ಟೈಮ್), ಒಂದೂವರೆ ಪಟ್ಟು, ಅಂದರೆ 51ರಂತೆ 306. ಒಟ್ಟು 1,666, ತೆರಿಗೆಗೆ ಮೊದಲು.

ಪೇ ಸ್ಲಿಪ್‌ನಲ್ಲಿ ಓಟಿ ದರ 49.50 ಅಂತಿದ್ದರೆ 31ನ್ನು ಮಾತ್ರ ಒಂದೂವರೆ ಮಾಡಿ, ರಾತ್ರಿಯ 3ನ್ನು ಹಾಗೇ ಸೇರಿಸಿದ್ದಾರೆ ಅಂತ ಅರ್ಥ. ಅದು ತಪ್ಪು, ರಾತ್ರಿ ಭತ್ಯೆ ಸೇರಿಸಿಯೇ ಒಂದೂವರೆ ಕಟ್ಟಬೇಕು. ಹೋಗೋದು ವಾರಕ್ಕೆ 9 ಡಾಲರ್. ದೊಡ್ಡ ತೂತು ಊಟದ ಬಿಡುವಿನಲ್ಲಿದೆ. ಗಡಿಯಾರ ತಾನಾಗಿ ಅರ್ಧ ಗಂಟೆ ಕಡಿಯುತ್ತೆ, ನೀವು ತಟ್ಟೆ ಬಿಟ್ಟು ರೋಗಿ ಒತ್ತಿದ ಕಾಲ್ ಲೈಟ್‌ಗೆ ಓಡಿರ್ತೀರಿ. ನಾಲ್ಕು ರಾತ್ರಿಯೂ ಹಾಗಾದರೆ 2 ಗಂಟೆ, 102 ಡಾಲರ್. ಅವತ್ತೇ ‘ಊಟದ ಬಿಡುವು ಸಿಗಲಿಲ್ಲ’ ಅಂತ ಫಾರ್ಮ್ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. 8-80 ಪದ್ಧತಿಗೆ ಒಪ್ಪಿಕೊಂಡಿದ್ದರೆ ಮಾತ್ರ ಓಟಿ ಲೆಕ್ಕ ಬೇರೆ: ದಿನಕ್ಕೆ 8 ಅಥವಾ 14 ದಿನಕ್ಕೆ 80 ಗಂಟೆ ದಾಟಿದ್ದು.

ಇನ್ನೊಬ್ಬರ ಪ್ರಶ್ನೆ: ನನ್ನ ತಂಗಿ ಹಾಸನದಲ್ಲಿ ಬಿಎಸ್‌ಸಿ ನರ್ಸಿಂಗ್ ಮುಗಿಸಿದ್ದಾಳೆ. ಮೊದಲು ಎಲ್‌ಪಿಎನ್ ಮಾಡಲಾ?

ಉತ್ತರ: ಬೇಡ. ಅದು ಸುಮಾರು ಒಂದು ವರ್ಷದ ಕೋರ್ಸ್, ಅವಳ ಓದು ಅದಕ್ಕಿಂತ ಮೇಲಿದೆ. ನೇರ ಎನ್‌ಕ್ಲೆಕ್ಸ್-ಆರ್‌ಎನ್, ಅಂದರೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಪರೀಕ್ಷೆ ಬರೆಯಲಿ. ಆರ್‌ಎನ್‌ಗಳ ಮಧ್ಯದ ಸಂಬಳ ಅದೇ ಲೆಕ್ಕದಲ್ಲಿ ವರ್ಷಕ್ಕೆ 93,600 ಡಾಲರ್. ಗ್ರೀನ್ ಕಾರ್ಡ್‌ನ ಶೆಡ್ಯೂಲ್ ಎ (ಜನರ ಕೊರತೆಯಿರುವ ಕೆಲಸಗಳ ಪಟ್ಟಿ) ದಾರಿ ಇರೋದೂ ಆರ್‌ಎನ್‌ಗೆ, ಎಲ್‌ಪಿಎನ್‌ಗಲ್ಲ. ಕಾಲೇಜಿನಲ್ಲಿ ಥಿಯರಿ, ಕ್ಲಿನಿಕಲ್ ಗಂಟೆಗಳನ್ನು ಬೇರೆಬೇರೆ ತೋರಿಸಿದ ಟ್ರಾನ್ಸ್‌ಕ್ರಿಪ್ಟ್‌ಗೆ ಈಗಲೇ ಅರ್ಜಿ ಹಾಕಿಸಿ.