ಸಹಾಯ ಬೇಕು: ಹಕ್ಕಿ ಹಿಂಡಿನ ಲೆಕ್ಕ

ನಮಸ್ಕಾರ. ಫಿಸಿಕ್ಸ್ ಓದಿದವರು ಸ್ವಲ್ಪ ಬಿಡಿಸಿ ಹೇಳಿ. ಹಕ್ಕಿಗಳನ್ನು ಚುಕ್ಕಿಗಳಾಗಿ ಇಟ್ಟು ಹಿಂಡು ಹೇಗೆ ಸಾಗುತ್ತದೆ ಅಂತ ನೋಡುವ 1995ರ ವಿಚೆಕ್ ಮಾಡೆಲನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಎಲ್ಲ ಚುಕ್ಕಿಗಳದ್ದೂ ಒಂದೇ ವೇಗ. ಪ್ರತಿಯೊಂದೂ ಅಕ್ಕಪಕ್ಕದವುಗಳ ಸರಾಸರಿ ದಿಕ್ಕಿಗೆ ತಿರುಗುತ್ತದೆ, ಜೊತೆಗೆ ಒಂದಿಷ್ಟು ಗದ್ದಲ, ಅಂದರೆ ದಿಕ್ಕಿನಲ್ಲಿ ಅಡ್ಡಾದಿಡ್ಡಿ ಏರುಪೇರು. ಗದ್ದಲ ಜಾಸ್ತಿ ಇಟ್ಟರೆ ಬರೀ ಸಂತೆ. ಕಡಿಮೆ ಮಾಡಿದರೆ ಎಲ್ಲವೂ ಒಂದೇ ಕಡೆ ಹೊರಡುತ್ತವೆ, ಒಮ್ಮೆ ಬಲಕ್ಕೆ, ಇನ್ನೊಮ್ಮೆ ಮೇಲಕ್ಕೆ. ನಿಯಮಕ್ಕೆ ಎಲ್ಲ ದಿಕ್ಕೂ ಒಂದೇ, ಹಿಂಡು ಮಾತ್ರ ಒಂದನ್ನು ಹಿಡಿಯುತ್ತದೆ. ಸಿಮೆಟ್ರಿ ಮುರಿಯುವುದು ಅಂದರೆ ಇದೇ ಅಲ್ವಾ?

ಸಿಕ್ಕಿಕೊಂಡಿದ್ದು ಮುಂದೆ. ಅಕ್ಕಪಕ್ಕದವನ್ನಷ್ಟೇ ನೋಡಿ ನಿಂತಲ್ಲೇ ತಿರುಗುವ ಬಾಣಗಳನ್ನು ಸಮತಟ್ಟಾಗಿ ಹರಡಿದರೆ, ಚೂರು ಶಾಖವಿದ್ದರೂ ಅವು ದೂರದವರೆಗೆ ಒಂದೇ ದಿಕ್ಕು ಹಿಡಿಯಲಾರವು. ಇದು ಮರ್ಮಿನ್-ವಾಗ್ನರ್ ಪ್ರಮೇಯ. ಓಡುವ ಚುಕ್ಕಿಗಳಿಗೆ ಹೇಗೆ ಸಾಧ್ಯ? ನೆರೆಯವರು ಬದಲಾಗುತ್ತಾ ಸುದ್ದಿ ದೂರ ಹೋಗುವುದರಿಂದಲಾ? ಇಂಥ ಹಿಂಡಿನ ಚಲನೆಯನ್ನು ವಿವರಿಸುವ ಟೋನರ್-ಟು ಸಮೀಕರಣ ತಲೆಗೆ ಹತ್ತಲಿಲ್ಲ. ಸುಮ್ನೆ ಮಾತಿನಲ್ಲೇ ಹೇಳಿದರೆ ಸಾಕು.